ಕೆಂಪು ಚೇಳಿನ ವಿಷ: ಬಿಡಿಸುವುದು, ಓದುವುದು, ಮದ್ದಾಗಿಸುವುದು



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಕನ್ನಡಿಗರ ಮುಂದೆ ಬಿಡಿಸಿ ಹೇಳಬೇಕೆಂಬುದು ಈ ಉಪನ್ಯಾಸವನ್ನು ಏರ್ಪಡಿಸಿರುವ ದತ್ತಿಯ ಆಶಯ. ನಾನು ಆರಿಸಿಕೊಂಡದ್ದು ಚೇಳಿನ ವಿಷ. ಆಹ್ವಾನ ಪತ್ರಿಕೆ ಕೈಸೇರಿದ ಮೇಲೆ ಕೆಲವರು ಫೋನ್ ಮಾಡಿ, ‘ಸಾರ್, ಅದು ಲೀಟರಿಗೆ ಎಷ್ಟು ಕೋಟಿಯಂತೆ?’ ಎಂದು ಕೇಳಿದರು. ಅದಕ್ಕೂ ಉತ್ತರ ಕೊಡುತ್ತೇನೆ, ಆದರೆ ಅದರ ಸರದಿ ಬಂದಾಗ.

ಇವತ್ತಿನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಚೇಳಿನ ವಿಷ ಮೈಯೊಳಗೆ ಏನು ಮಾಡುತ್ತದೆ ಎಂಬುದು ಮೊದಲನೆಯದು. ಆ ವಿಷದಿಂದ ಒಂದೇ ಒಂದು ಪೆಪ್ಟೈಡನ್ನು, ಅಂದರೆ ಅಮೈನೊ ಆಮ್ಲಗಳ ಸಣ್ಣ ಸರವೊಂದನ್ನು, ಬೇರ್ಪಡಿಸಿ, ಅದರ ರಚನೆಯನ್ನು ಓದುವುದು ಹೇಗೆ ಎಂಬುದು ಎರಡನೆಯದು; ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಓದಿದ್ದು ಔಷಧವಾಗುವುದು ಹೇಗೆ, ಈ ಕೆಲಸದಲ್ಲಿ ನಮ್ಮ ಬೆಂಗಳೂರಿನ ಹೊರವಲಯದ ಪಾಲು ಎಷ್ಟು, ಎಷ್ಟಾಗಬೇಕಿತ್ತು ಎಂಬುದು ಕೊನೆಯದು. ಹಾವಿನ ವಿಷದ ವಿಚಾರ ಅಲ್ಲಲ್ಲಿ ಬಂದುಹೋಗುತ್ತದೆ, ಅಷ್ಟೇ.

ಚೇಳು ನಮಗೆ ಹೊಸತಲ್ಲ. ವೈಟ್‌ಫೀಲ್ಡ್‌ನಿಂದ ಪೂರ್ವಕ್ಕೆ ಒಂದೆರಡು ಗಂಟೆ ಪ್ರಯಾಣ ಮಾಡಿದರೆ ಕೋಲಾರ. ಅಲ್ಲಿನ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿದ್ದಾಳೆ. ಅವಳಿಗೆ ಕಾಣಿಕೆ ಹಾಕಿದವರನ್ನು ಚೇಳು ಕುಟುಕುವುದಿಲ್ಲ ಎಂಬ ನಂಬಿಕೆ ಇಂದಿಗೂ ಇದೆ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯ ದಿನ ಜನ ಬೆಟ್ಟ ಹತ್ತಿ, ಕಲ್ಲು ಮಗುಚಿ, ಚೇಳುಗಳನ್ನು ಹುಡುಕಿ ಅಂಗೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ನಂಬಿಕೆಯನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಚೇಳಿನ ಭಯ ಎಷ್ಟು ಹಳೆಯದು, ಎಷ್ಟು ನಿಜ ಎಂಬುದಕ್ಕೆ ಇವೆರಡೂ ಸಾಕ್ಷಿ.

ಭಯಕ್ಕೆ ತಕ್ಕ ಚೇಳು ಮಾತ್ರ ಜನ ಅಂದುಕೊಂಡದ್ದಲ್ಲ. ಮಲೆನಾಡಿನಲ್ಲಿ ಕಾಣುವ, ದಪ್ಪ ಇಕ್ಕಳವಿರುವ ದೊಡ್ಡ ಕರಿ ಚೇಳು ನೋಡಲು ಘೋರ. ಅದರ ಕುಟುಕಿನಿಂದ ನೋವಾಗುತ್ತದೆ, ಸಾಮಾನ್ಯವಾಗಿ ಪ್ರಾಣ ಹೋಗುವುದಿಲ್ಲ. ಅಪಾಯದ್ದು ಒಣಭೂಮಿಯ ಕೆಂಪು ಚೇಳು. ಇಕ್ಕಳ ತೆಳ್ಳಗೆ, ಬಾಲ ದಪ್ಪ, ಮೈ ಎರಡು ಮೂರು ಇಂಚು. ವೈಜ್ಞಾನಿಕ ಹೆಸರು ಹೊಟ್ಟೆಂಟೋಟ್ಟಾ ಟ್ಯಾಮುಲಸ್. ಹಳೆಯ ಪುಸ್ತಕಗಳಲ್ಲಿ ಬ್ಯೂತಸ್ ಟ್ಯಾಮುಲಸ್, ಮೀಸೊಬ್ಯೂತಸ್ ಟ್ಯಾಮುಲಸ್ ಎಂದೂ ಕಾಣಿಸುತ್ತದೆ. ಕಲ್ಲುಗುಡ್ಡೆ, ಸೌದೆ ರಾಶಿ, ಇಟ್ಟಿಗೆ ಅಟ್ಟಿ, ಬಾಗಿಲ ಬಳಿ ಬಿಟ್ಟ ಚಪ್ಪಲಿ ಇದರ ತಾವು. ಕುಟುಕಿಸಿಕೊಳ್ಳುವವರು ಹೊಲದಲ್ಲಿ, ಇಟ್ಟಿಗೆ ಗೂಡಿನಲ್ಲಿ, ಕಟ್ಟಡದ ಕೆಲಸದಲ್ಲಿ ಇರುವವರು, ಮತ್ತು ಅವರ ಮಕ್ಕಳು.

ಈ ವಿಷ ಮಾಡುವ ಕೆಲಸವೇನು? ನಮ್ಮ ನರಕೋಶದ ಪೊರೆಯಲ್ಲಿ ಅಯಾನ್ ಚಾನೆಲ್ ಎಂಬ ಸಣ್ಣ ದ್ವಾರಗಳಿವೆ. ಸೋಡಿಯಂಗೆ ಒಂದು ಬಗೆ, ಪೊಟ್ಯಾಸಿಯಂಗೆ ಒಂದು ಬಗೆ. ಅವು ಕ್ಷಣಕ್ಷಣಕ್ಕೂ ತೆರೆದು ಮುಚ್ಚುವುದರಿಂದಲೇ ನರದಲ್ಲಿ ಸಂದೇಶ ಹರಿಯುತ್ತದೆ. ಕೆರೆಯ ತೂಬನ್ನು ನೆನೆಸಿಕೊಳ್ಳಿ. ಚೇಳಿನ ವಿಷದ ಕೆಲವು ಪೆಪ್ಟೈಡುಗಳು ಸೋಡಿಯಂ ತೂಬು ಮುಚ್ಚದಂತೆ ಹಿಡಿಯುತ್ತವೆ. ಇನ್ನು ಕೆಲವು ಪೊಟ್ಯಾಸಿಯಂ ತೂಬಿಗೆ ಬಿರಡೆಯಾಗಿ ಕೂರುತ್ತವೆ. ಎರಡರ ಫಲವೂ ಒಂದೇ: ನರ ಸುಮ್ಮನಾಗುವುದಿಲ್ಲ. ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ರಕ್ತಕ್ಕೆ ನುಗ್ಗುತ್ತವೆ. ಮೈ ಬೆವೆತು ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಇಲ್ಲಿ ಒಬ್ಬ ವೈದ್ಯರ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್. ಕೊಂಕಣದ ಸಣ್ಣ ಆಸ್ಪತ್ರೆಯಲ್ಲಿ ಕೆಂಪು ಚೇಳಿನ ರೋಗಿಗಳನ್ನು ರಾತ್ರಿಯಿಡೀ ಪಕ್ಕದಲ್ಲೇ ಕುಳಿತು ಗಮನಿಸಿ, ಲಕ್ಷಣಗಳನ್ನು ಬರೆದಿಟ್ಟು, 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಅಡ್ರಿನಲಿನ್ನಿನ ಈ ಬಿರುಗಾಳಿಯನ್ನು ತಡೆಯುತ್ತದೆ ಎಂದು 1986ರಲ್ಲಿ ಅದೇ ಪತ್ರಿಕೆಯಲ್ಲಿ ತೋರಿಸಿದರು. ಅದಕ್ಕೂ ಮೊದಲು ಗಂಭೀರ ಪ್ರಕರಣಗಳಲ್ಲಿ ಮೂರರಲ್ಲಿ ಒಬ್ಬರ ಆಸುಪಾಸು ಸಾಯುತ್ತಿದ್ದರು. ಸಕಾಲಕ್ಕೆ ಮಾತ್ರೆ ಸಿಕ್ಕಲ್ಲಿ ಆ ಸಾವು ಬೆರಳೆಣಿಕೆಗೆ ಇಳಿಯಿತು. ಪ್ರಜೋಸಿನ್ ಜೊತೆಗೆ ಪ್ರತಿವಿಷವನ್ನೂ ಕೊಟ್ಟರೆ ಚೇತರಿಕೆ ಇನ್ನೂ ಬೇಗ ಎಂಬ ಅವರ ಅಧ್ಯಯನ 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. 2022ರಲ್ಲಿ ಪದ್ಮಶ್ರೀ ಬಂತು. ವಿಷದ ಒಂದು ಹನಿಯನ್ನೂ ಬೇರ್ಪಡಿಸದೆ, ಅದು ಮೈಯಲ್ಲಿ ಸಾಗುವ ದಾರಿಯನ್ನು ಕಣ್ಣಿಟ್ಟು ನೋಡಿಯೇ ಮದ್ದು ಹುಡುಕಿದ ಕೆಲಸ ಇದು. ನನ್ನ ಮಟ್ಟಿಗೆ ನಮ್ಮ ದೇಶದ ಚೇಳು ವಿಜ್ಞಾನದಲ್ಲಿ ಇದಕ್ಕಿಂತ ದೊಡ್ಡ ಸಾಧನೆ ಇನ್ನೂ ಆಗಿಲ್ಲ.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ವಿಷ ತೆಗೆಯುವುದರಿಂದ ಶುರು ಮಾಡೋಣ.

ಚೇಳನ್ನು ಹುಡುಕುವುದು ರಾತ್ರಿ. ಅತಿನೇರಳೆ ಬೆಳಕಿನ ಟಾರ್ಚ್ ಬಿಟ್ಟರೆ ಅದರ ಮೈ ಹಸಿರು ಮಿಶ್ರಿತ ನೀಲಿಯಾಗಿ ಹೊಳೆಯುತ್ತದೆ; ಬರೀ ಕಣ್ಣಿಗೆ ಮಣ್ಣಲ್ಲಿ ಮಣ್ಣಾಗಿದ್ದದ್ದು ದೂರದಿಂದಲೇ ಕಾಣುತ್ತದೆ. ಚೇಳು ಒಂದೇ ಸಲ ಬಸಿರಾಗುತ್ತದೆ, ಮರಿಗಳು ತಾಯಿಯನ್ನೇ ತಿಂದು ಹೊರಬರುತ್ತವೆ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಅದು ನಿಜವಲ್ಲ. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ಮತ್ತೆ ಮರಿ ಹಾಕುತ್ತದೆ. ಆದ್ದರಿಂದ ಪ್ರಯೋಗಾಲಯದಲ್ಲಿ ಸಾಕಿ, ಕೆಲವು ವಾರಗಳ ಬಿಡುವು ಕೊಟ್ಟು, ಅದೇ ಚೇಳಿನಿಂದ ಮತ್ತೆ ಮತ್ತೆ ವಿಷ ಪಡೆಯಲು ಸಾಧ್ಯ.

ಬಾಲದ ತುದಿಯ ಗಂಟನ್ನು ಚಿಮುಟದಲ್ಲಿ ಹಿಡಿದು, ಕೊಂಡಿಯ ಮೊನೆಯನ್ನು ಸಣ್ಣ ಗಾಜಿನ ನಳಿಕೆಯೊಳಗೆ ಇಟ್ಟು, ಬಾಲಕ್ಕೆ ಕೆಲವು ವೋಲ್ಟ್ ವಿದ್ಯುತ್ತನ್ನು ಕ್ಷಣಮಾತ್ರ ತಾಕಿಸುತ್ತಾರೆ. ಸ್ನಾಯು ಸೆಟೆದು ಹನಿ ಹೊರಬರುತ್ತದೆ. ಕೆಲವು ಜಾತಿಗಳಲ್ಲಿ ಮೊದಲು ಬರುವುದು ನೀರಿನಂತೆ ತಿಳಿಯಾದ ದ್ರವ. ಅದರಲ್ಲಿ ಪೊಟ್ಯಾಸಿಯಂ ಲವಣ ಹೆಚ್ಚು, ನೋವುಂಟುಮಾಡಲು ಅಷ್ಟೇ ಸಾಕು. ಪೆಪ್ಟೈಡು ತುಂಬಿದ ಹಾಲಿನಂಥ ವಿಷ ಆಮೇಲೆ ಬರುತ್ತದೆ. ದುಬಾರಿ ಸರಕನ್ನು ಚೇಳು ಸುಮ್ಮನೆ ಖರ್ಚು ಮಾಡುವುದಿಲ್ಲ. ಸಿಗುವುದು ಕೆಲವೇ ಮೈಕ್ರೊಲೀಟರ್. ಒಣಗಿಸಿದರೆ ಒಂದು ಮಿಲಿಗ್ರಾಂ ಆಸುಪಾಸಿನ ಪುಡಿ, ಹಲವು ಸಲ ಅದೂ ಇಲ್ಲ.

ಆ ಪುಡಿಯಲ್ಲಿ ನೂರಕ್ಕೂ ಮೀರಿದ ಬಗೆಯ ಪೆಪ್ಟೈಡುಗಳಿರುತ್ತವೆ. ನೀರಿನಲ್ಲಿ ಕದಡಿ, ಲೋಳೆಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತೆಗೆದು, ತಿಳಿಯನ್ನು ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಡುತ್ತಾರೆ. ಇಲ್ಲಿ ಕುಳಿತಿರುವ ಔಷಧ ಕಂಪನಿಗಳ ಗುಣಮಟ್ಟ ಪರೀಕ್ಷೆಯ (ಕ್ಯೂಸಿ) ವಿಭಾಗದವರಿಗೆ ಈ ಯಂತ್ರ ದಿನಬೆಳಗಿನ ಸಂಗಾತಿ. ಎಣ್ಣೆಗುಣದ ಪುಡಿ ತುಂಬಿದ ಉಕ್ಕಿನ ಕಾಲಂ. ಅದರ ಮೂಲಕ ಹರಿಯುವ ನೀರಿಗೆ ಮೆಲ್ಲಮೆಲ್ಲನೆ ಅಸಿಟೊನೈಟ್ರೈಲ್ ಬೆರೆಸುತ್ತ ಹೋದರೆ, ನೀರನ್ನು ಇಷ್ಟಪಡುವ ಪೆಪ್ಟೈಡು ಮೊದಲು, ಎಣ್ಣೆಗುಣಕ್ಕೆ ಅಂಟಿಕೊಳ್ಳುವುದು ಕೊನೆಗೆ ಹೊರಬರುತ್ತದೆ. ಪರದೆಯ ಮೇಲೆ ಒಂದೊಂದು ಪೆಪ್ಟೈಡು ಒಂದೊಂದು ಶಿಖರ. ಎರಡು ಪೆಪ್ಟೈಡು ಒಂದೇ ಶಿಖರದಡಿ ಅಡಗಿಕೊಳ್ಳುವುದು ಸಾಮಾನ್ಯ. ಆಗ ಕಾಲಂ ಬದಲಿಸಿ, ಆಮ್ಲ ಬದಲಿಸಿ, ಇನ್ನೊಮ್ಮೆ ಓಡಿಸಬೇಕು. ಪ್ರತಿ ಸಲವೂ ಕೈಯಲ್ಲಿರುವುದು ಕರಗುತ್ತ ಹೋಗುತ್ತದೆ. ಈ ಕೆಲಸದಲ್ಲಿ ಜಾಣತನಕ್ಕಿಂತ ಜಿಪುಣತನ ಹೆಚ್ಚು ಬೇಕು.

ಬೇರ್ಪಟ್ಟದ್ದನ್ನು ಮಾಸ್ ಸ್ಪೆಕ್ಟ್ರೋಮೀಟರ್ ತೂಗುತ್ತದೆ. ಇಲ್ಲಿ ಒಂದು ಚಂದದ ಉಪಾಯವಿದೆ. ಚೇಳಿನ ಪೆಪ್ಟೈಡುಗಳಲ್ಲಿ ಸಿಸ್ಟೀನ್ ಎಂಬ ಗಂಧಕವುಳ್ಳ ಅಮೈನೊ ಆಮ್ಲಗಳು ಜೋಡಿಜೋಡಿಯಾಗಿ ಸೇರಿ ಸೇತುವೆ ಕಟ್ಟಿಕೊಂಡಿರುತ್ತವೆ. ಮೊದಲು ಹಾಗೆಯೇ ತೂಗಬೇಕು. ಆಮೇಲೆ ರಾಸಾಯನಿಕವೊಂದರಿಂದ ಸೇತುವೆ ಮುರಿದು, ಅಯೊಡೊಅಸಿಟಮೈಡ್ ಹಾಕಿ ಪ್ರತಿ ಗಂಧಕಕ್ಕೂ ಒಂದು ಮುಚ್ಚಳ ತೊಡಿಸಿ ಇನ್ನೊಮ್ಮೆ ತೂಗಬೇಕು. ಒಂದು ಸಿಸ್ಟೀನಿಗೆ 58 ಡಾಲ್ಟನ್ (ಅಣುತೂಕದ ಮಾನ) ಏರುತ್ತದೆ. ತೂಕ 348 ಏರಿತೆಂದರೆ ಸಿಸ್ಟೀನ್ ಆರು, ಸೇತುವೆ ಮೂರು. ಒಂದು ಅಕ್ಷರ ಓದುವ ಮೊದಲೇ ಅಣುವಿನ ಹಂದರ ಗೊತ್ತಾಗಿಹೋಗುತ್ತದೆ.

ಆಮೇಲೆ ಅಮೈನೊ ಆಮ್ಲಗಳ ಅನುಕ್ರಮ ಓದುವ ಕೆಲಸ. ಪೆಪ್ಟೈಡನ್ನು ತುಂಡರಿಸಿ ತುಂಡುಗಳನ್ನು ತೂಗಿ ಲೆಕ್ಕ ಹಾಕುವುದು ಒಂದು ದಾರಿ; ಆದರೆ ಲ್ಯೂಸಿನ್, ಐಸೊಲ್ಯೂಸಿನ್ ಎರಡರ ತೂಕವೂ ಒಂದೇ ಆದ್ದರಿಂದ ತಕ್ಕಡಿ ಅಲ್ಲಿ ತಡವರಿಸುತ್ತದೆ. ತುದಿಯಿಂದ ಒಂದೊಂದೇ ಬಿಡಿಸಿ ಓದುವ ಎಡ್ಮನ್ ವಿಧಾನ ಇನ್ನೊಂದು ದಾರಿ. ವಿಷಗ್ರಂಥಿಯಲ್ಲಿನ ಆರ್‌ಎನ್‌ಎ ಓದಿ ಚೇಳೇ ಬರೆದಿಟ್ಟ ಪಾಠದೊಂದಿಗೆ ತಾಳೆ ನೋಡುವುದು ಇತ್ತೀಚಿನದು. ಈ ಕಲೆ ಬೆಂಗಳೂರಿನಲ್ಲಿ ಚೆನ್ನಾಗಿ ಬೇರೂರಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಪಿ. ಬಲರಾಮ್ ಅವರು ನರವಿಜ್ಞಾನಿ ಕೆ. ಎಸ್. ಕೃಷ್ಣನ್ ಅವರೊಡನೆ ಭಾರತದ ಕರಾವಳಿಯ ಶಂಕುಬಸವನ (ಒಂದು ಬಗೆಯ ಕಡಲ ಬಸವನಹುಳು) ವಿಷದ ಪೆಪ್ಟೈಡುಗಳನ್ನು ಹೀಗೆಯೇ ಒಂದೊಂದಾಗಿ ಓದಿದ್ದರು. ಅದೇ ಸಂಸ್ಥೆಯಲ್ಲಿ ಇಂದು ಕಾರ್ತಿಕ್ ಸುನಗರ್ ಅವರ ವಿಷ ವಿಕಾಸ ಪ್ರಯೋಗಾಲಯವಿದೆ; ಚೇಳಿನ ವಿಷದ ಪೆಪ್ಟೈಡುಗಳು ಹೇಗೆ ಕವಲೊಡೆದವು ಎಂಬ 2013ರ ಅಂತರರಾಷ್ಟ್ರೀಯ ಅಧ್ಯಯನದ ಲೇಖಕರಲ್ಲಿ ಅವರೂ ಒಬ್ಬರು.

ಓದಿ ಮುಗಿದರೂ ಅಣು ಕೈಗೆ ಬಂದಂತಲ್ಲ. ಅದನ್ನು ಕೃತಕವಾಗಿ ಕಟ್ಟಬೇಕು. ಸಣ್ಣ ರಾಳದ ಕಣಕ್ಕೆ ಅಂಟಿಸಿ ಅಮೈನೊ ಆಮ್ಲಗಳನ್ನು ಒಂದಾದ ಮೇಲೊಂದು ಪೋಣಿಸುವ ವಿಧಾನವನ್ನು 1963ರಲ್ಲಿ ಪ್ರಕಟಿಸಿದ ಬ್ರೂಸ್ ಮೆರಿಫೀಲ್ಡ್ ಅದಕ್ಕಾಗಿ 1984ರಲ್ಲಿ ನೊಬೆಲ್ ಪಡೆದರು. ಪೋಣಿಸುವುದು ಸುಲಭದ ಪಾಲು. ಆರು ಸಿಸ್ಟೀನುಗಳು ಜೋಡಿಯಾಗಲು 15 ದಾರಿಗಳಿವೆ, ಎಂಟಿದ್ದರೆ 105. ವಿಷವಾಗಿ ಕೆಲಸ ಮಾಡುವುದು ಅವುಗಳಲ್ಲಿ ಒಂದೇ ಜೋಡಣೆ. ಸರಿಯಾದ ಜೋಡಣೆಗೆ ಪೆಪ್ಟೈಡು ತಾನಾಗಿ ಮಡಚಿಕೊಳ್ಳುವಂತೆ ದ್ರಾವಣವನ್ನು ಹದಮಾಡುವಲ್ಲಿ ಸಂಶೋಧಕರ ತಿಂಗಳುಗಳು ಕಳೆಯುತ್ತವೆ.

ಈ ಎಲ್ಲ ಹೆಜ್ಜೆಗಳೂ ಸೇರಿದ ಒಂದು ನಿಜವಾದ ಉದಾಹರಣೆ ಕೊಟ್ಟು ಮೂರನೆಯ ಭಾಗಕ್ಕೆ ಹೋಗುತ್ತೇನೆ. 1990ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇಯಲ್ಲಿರುವ ಮರ್ಕ್ ಕಂಪನಿಯ ಪ್ರಯೋಗಾಲಯ ನಮ್ಮ ಇದೇ ಕೆಂಪು ಚೇಳಿನ ವಿಷದಿಂದ ಐಬೀರಿಯೊಟಾಕ್ಸಿನ್ ಎಂಬ ಪೆಪ್ಟೈಡನ್ನು ಬೇರ್ಪಡಿಸಿತು. 37 ಅಮೈನೊ ಆಮ್ಲ, ಮೂರು ಸೇತುವೆ. ಅದರ ಮೊದಲ ಅಮೈನೊ ಆಮ್ಲ ತನ್ನಷ್ಟಕ್ಕೆ ಸುತ್ತಿಕೊಂಡು ಮುಚ್ಚಿಹೋಗಿದೆ; ಕಿಣ್ವದಿಂದ ಆ ಬಾಗಿಲು ತೆಗೆಯದೆ ಎಡ್ಮನ್ ಓದು ಮುಂದೆ ಸಾಗದು. ರಕ್ತನಾಳ, ಮೂತ್ರಕೋಶಗಳ ಸ್ನಾಯುವಿನ ಬಿಗಿತವನ್ನು ಹತೋಟಿಯಲ್ಲಿಡುವ ಒಂದು ಬಗೆಯ ಪೊಟ್ಯಾಸಿಯಂ ಚಾನೆಲ್ಲನ್ನು ಇದು ಮುಚ್ಚುತ್ತದೆ, ಅದರ ನೆಂಟರಿಷ್ಟರ ತಂಟೆಗೆ ಹೋಗುವುದಿಲ್ಲ. 2002ರಲ್ಲಿ ಇದೇ ಚೇಳಿನಿಂದ ಟ್ಯಾಮಾಪಿನ್ ಎಂಬ 31 ಅಮೈನೊ ಆಮ್ಲಗಳ ಇನ್ನೊಂದು ಪೆಪ್ಟೈಡು ಹೊರಬಂತು.  ಎರಡೂ ಔಷಧಗಳಲ್ಲ. ಯಾವ ಚಾನೆಲ್ ಯಾವ ಕಾಯಿಲೆಯಲ್ಲಿ ಏನು ಮಾಡುತ್ತಿದೆ ಎಂದು ಪತ್ತೆ ಹಚ್ಚುವ ಉಪಕರಣಗಳು. ಇಂದು ಜಗತ್ತಿನ ಯಾವ ಪ್ರಯೋಗಾಲಯವಾದರೂ ಕ್ಯಾಟಲಾಗ್ ನೋಡಿ ಐಬೀರಿಯೊಟಾಕ್ಸಿನ್ ತರಿಸಿಕೊಳ್ಳಬಹುದು. ನಮ್ಮವೂ ಹಾಗೆಯೇ ತರಿಸಿಕೊಳ್ಳಬೇಕು, ಮೈಕ್ರೊಗ್ರಾಂ ಲೆಕ್ಕದಲ್ಲಿ, ಡಾಲರ್ ಕೊಟ್ಟು.

ಹಾಗಾದರೆ ವಿಷದಿಂದ ಮದ್ದು ಆಗಿಯೇ ಇಲ್ಲವೆ? ಆಗಿದೆ. ಈ ಸಭೆಯಲ್ಲಿ ಬಿಪಿ ಮಾತ್ರೆ ನುಂಗುವವರು ಹಲವರಿದ್ದೀರಿ. ಎಸಿಇ ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳಲ್ಲಿ ಮೊದಲನೆಯದಾದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಅದರ ಸುಳಿವು ಸಿಕ್ಕಿದ್ದು ಬ್ರೆಜಿಲ್‌ನ ಜರರಾಕ ಎಂಬ ಮಂಡಲದ ಹಾವಿನ ವಿಷದಲ್ಲಿ. ವಿಷ ಬ್ರೆಜಿಲ್‌ನದು, ಮಾತ್ರೆ ನ್ಯೂಜೆರ್ಸಿಯ ಸ್ಕ್ವಿಬ್ ಕಂಪನಿಯದು. ಶಂಕುಬಸವನ ಪೆಪ್ಟೈಡಿನಿಂದ ಬಂದ ನೋವುಶಾಮಕ ಜಿಕೊನೊಟೈಡ್ 2004ರಲ್ಲಿ ಮಾನ್ಯವಾಯಿತು. ಅದನ್ನು ಬೆನ್ನುಹುರಿಯ ದ್ರವಕ್ಕೇ ಕೊಡಬೇಕು, ಏಕೆಂದರೆ ಪೆಪ್ಟೈಡನ್ನು ನುಂಗಿದರೆ ಹೊಟ್ಟೆ ಅರಗಿಸಿಬಿಡುತ್ತದೆ, ರಕ್ತಕ್ಕೆ ಕೊಟ್ಟರೆ ಮಿದುಳು ಒಳಗೆ ಬಿಡುವುದಿಲ್ಲ.

ಚೇಳಿನ ಪಾಳಿಯಲ್ಲಿ ಅತಿ ದೂರ ನಡೆದದ್ದು ಕ್ಲೋರೊಟಾಕ್ಸಿನ್. ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾಗಳ ಹಳದಿ ಚೇಳಿನಿಂದ 1993ರಲ್ಲಿ ವರದಿಯಾದ, 36 ಅಮೈನೊ ಆಮ್ಲ, ನಾಲ್ಕು ಸೇತುವೆಗಳ ಪೆಪ್ಟೈಡು. ಇದು ಮಿದುಳಿನ ಕೆಲವು ಗೆಡ್ಡೆಗಳಿಗೆ ಅಂಟಿಕೊಳ್ಳುತ್ತದೆ. ಅಮೆರಿಕದ ಸಿಯಾಟಲ್‌ನ ಮಕ್ಕಳ ಕ್ಯಾನ್ಸರ್ ತಜ್ಞ ಜಿಮ್ ಓಲ್ಸನ್ ಅವರ ತಂಡ ಅದಕ್ಕೆ ಹೊಳೆಯುವ ಬಣ್ಣ ಜೋಡಿಸಿತು: ಶಸ್ತ್ರಚಿಕಿತ್ಸಕರ ಕ್ಯಾಮರಾದಲ್ಲಿ ಗೆಡ್ಡೆ ಬೆಳಗುತ್ತದೆ, ಪಕ್ಕದ ಒಳ್ಳೆಯ ಮಿದುಳು ಕತ್ತಲೆಯಲ್ಲೇ ಉಳಿಯುತ್ತದೆ. ವೈಟ್‌ಫೀಲ್ಡ್‌ನ ಶ್ರೀ ಸತ್ಯ ಸಾಯಿ ಆಸ್ಪತ್ರೆಯಲ್ಲಿ 2001ರಿಂದ ಹಣ ಪಡೆಯದೆ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯುತ್ತಿದೆಯಲ್ಲ, ಅಂಥ ಕಡೆ ಇದರಿಂದ ಎಷ್ಟು ಉಪಕಾರವಾದೀತೆಂದು ವೈದ್ಯರಿಗೆ ವಿವರಿಸಬೇಕಿಲ್ಲ. ಮನುಷ್ಯರ ಮೇಲೆ ಪ್ರಯೋಗಗಳಾಗಿವೆ. ಆದರೆ ಗೆಡ್ಡೆಯ ಮೇಲೆ ಕ್ಲೋರೊಟಾಕ್ಸಿನ್ ನಿಖರವಾಗಿ ಯಾವುದನ್ನು ಹಿಡಿಯುತ್ತದೆ ಎಂಬ ಚರ್ಚೆ ಮುಗಿದಿಲ್ಲ. ಚೇಳಿನ ವಿಷದಿಂದ ಕ್ಯಾನ್ಸರ್ ವಾಸಿ ಎಂದು ಜಾಹೀರಾತು ಕೊಡುವವರು ಈ ಸಂಶೋಧನೆಯ ಹೆಸರನ್ನೇ ಬಳಸುತ್ತಾರೆ. ಅವರನ್ನು ನಂಬಬೇಡಿ.

ಈಗ ನಮ್ಮ ಹೊರವಲಯಕ್ಕೆ ಬರೋಣ. ಮೇಲೆ ಹೇಳಿದ ಹೆಜ್ಜೆಗಳನ್ನು ನಕಾಶೆಯ ಮೇಲೆ ಗುರುತಿಸಿ ನೋಡಿ. ಎಚ್‌ಪಿಎಲ್‌ಸಿ, ಮಾಸ್ ಸ್ಪೆಕ್ಟ್ರೋಮೀಟರ್ ತಯಾರಿಸುವ ವಾಟರ್ಸ್ ಕಂಪನಿಯ ಭಾರತದ ಕಚೇರಿ ಪೀಣ್ಯ ಎರಡನೇ ಹಂತದಲ್ಲಿದೆ. ಔಷಧ ಸಂಶೋಧನೆಯನ್ನು ಗುತ್ತಿಗೆಗೆ ಮಾಡಿಕೊಡುವ ಸಿಂಜೀನ್ ಬೊಮ್ಮಸಂದ್ರದಲ್ಲಿ, ಅರಿಜೀನ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬಯೊಕಾನ್ 2004ರಲ್ಲಿ ಇನ್ಸುಜೆನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ 51 ಅಮೈನೊ ಆಮ್ಲಗಳದ್ದು, ಅದರಲ್ಲಿಯೂ ಇರುವುದು ಮೂರೇ ಗಂಧಕ ಸೇತುವೆ. ಯೀಸ್ಟ್‌ನಿಂದ ಅದನ್ನು ಬೆಳೆಸಿ, ಸರಿಯಾಗಿ ಮಡಚಿಸಿ, ಶುದ್ಧ ಮಾಡಿ, ಸೀಸೆಗೆ ತುಂಬಿಸಿದ ಊರು ಇದು. ಐಬೀರಿಯೊಟಾಕ್ಸಿನ್ ಅದಕ್ಕಿಂತ ಚಿಕ್ಕದು. ಎಲೆಕ್ಟ್ರಾನಿಕ್ ಸಿಟಿಯ ಹೆಲಿಕ್ಸ್ ಬಯೋಟೆಕ್ ಪಾರ್ಕ್‌ನಲ್ಲಿ ಹೊಸ ಕಂಪನಿಗಳಿಗೆ ಪ್ರಯೋಗಾಲಯ ಒದಗಿಸುವ ಬೆಂಗಳೂರು ಬಯೋಇನ್ನೋವೇಶನ್ ಸೆಂಟರ್ ಇದೆ. ಹಾವು, ಚೇಳುಗಳ ವಿಷ ಸಂಗ್ರಹಿಸಿ ಅಧ್ಯಯನ ಮಾಡುವ ಕೇಂದ್ರವೊಂದನ್ನು ಎಲೆಕ್ಟ್ರಾನಿಕ್ ಸಿಟಿಯಲ್ಲಿಯೇ ಸ್ಥಾಪಿಸುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿದ್ದೂ ಉಂಟು. ಹೀಗೆ ಎಲ್ಲವೂ ಇದೆ, ಬೇರೆ ಬೇರೆ ಗೇಟುಗಳ ಒಳಗೆ. ಒಂದು ಗೇಟಿನಿಂದ ಇನ್ನೊಂದಕ್ಕೆ ದಾರಿ ಮಾತ್ರ ಇಲ್ಲ. ಗುತ್ತಿಗೆಯ ಸಂಶೋಧನೆಯಲ್ಲಿ ಪ್ರಶ್ನೆ ಗಿರಾಕಿಯದು; ನಮ್ಮ ಕೈಗಳು ಬೇರೆ ಊರಿನ ಅಣುಗಳನ್ನು ಸೊಗಸಾಗಿ ಕಟ್ಟಿಕೊಡುತ್ತವೆ. ಕಾಲೇಜಿನ ಸಂಶೋಧನೆಯಲ್ಲಿ ಪ್ರಶ್ನೆ ನಮ್ಮದೇ, ಆದರೆ ಮೂರು ವರ್ಷದ ಅನುದಾನ ಮುಗಿಯುವಾಗ ಪೆಪ್ಟೈಡು ಇನ್ನೂ ಮಡಚಿಕೊಂಡಿರುವುದಿಲ್ಲ.

ಲೀಟರಿಗೆ ಎಷ್ಟು ಕೋಟಿ ಎಂಬ ಪ್ರಶ್ನೆಯ ಸರದಿ ಈಗ ಬಂತು. ಒಂದು ಸಲಕ್ಕೆ ಕೆಲವು ಮೈಕ್ರೊಲೀಟರ್ ಕೊಡುವ ಪ್ರಾಣಿಯಿಂದ ಒಂದು ಲೀಟರ್ ತೆಗೆಯಲು ಲಕ್ಷಾಂತರ ಸಲ ಹಿಂಡಬೇಕು. ಯಾರೂ ಲೀಟರ್ ಕೊಳ್ಳುವುದಿಲ್ಲ, ಯಾರೂ ಲೀಟರ್ ಮಾರುವುದಿಲ್ಲ. ಅನುಕ್ರಮ ತಿಳಿದು ಕಟ್ಟಲು ಬಂದ ಮೇಲೆ ಚೇಳಿನ ಅಗತ್ಯವೇ ಇಲ್ಲ. ಚೇಳು ಹಿಡಿದುಕೊಡಿ, ಲಕ್ಷ ಕೊಡುತ್ತೇವೆ ಎಂದು ಹಳ್ಳಿಗೆ ಬರುವವರು ಮೋಸಗಾರರು. ಇನ್ನು ಕಾನೂನಿನ ಮಾತು: ಜೀವವೈವಿಧ್ಯ ಕಾಯ್ದೆ 2002ರಲ್ಲಿ ಬಂದ ಮೇಲೆ ವಿದೇಶಿ ಕಂಪನಿಯೊಂದು ನಮ್ಮ ಚೇಳಿನ ಮೇಲೆ ಸಂಶೋಧನೆ ನಡೆಸಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು. ಐಬೀರಿಯೊಟಾಕ್ಸಿನ್ ಬೇರ್ಪಡಿಸಿದ 1990ರಲ್ಲಿ ಅಂಥ ಕಾನೂನು ಇರಲಿಲ್ಲ. ಕಾನೂನು ಹೊರಗಿನವರನ್ನು ತಡೆದೀತು. ಒಳಗಿನವರು ಕೆಲಸ ಮಾಡುವಂತೆ ಅದು ಮಾಡಲಾರದು.

ಇನ್ನು ಎರಡು ಕೋರಿಕೆಗಳನ್ನು ಮುಂದಿಟ್ಟು ಮಾತು ಮುಗಿಸುತ್ತೇನೆ. ಮೊದಲನೆಯದು ಈ ಭಾಗದ ಕಂಪನಿಗಳ ಹಿರಿಯರಿಗೆ. ನಿಮ್ಮ ಯಂತ್ರಗಳು ರಾತ್ರಿ ಪಾಳಿಯಲ್ಲಿ ಖಾಲಿ ಇರುವಷ್ಟು ಹೊತ್ತನ್ನಾದರೂ ವಿಷ ಸಂಶೋಧನೆಯ ವಿದ್ಯಾರ್ಥಿಗಳಿಗೆ ತೆರೆದಿಡಿ. ಕೊಂಕಣದ ಕೆಂಪು ಚೇಳಿಗೂ ದಖನಿನ ಕೆಂಪು ಚೇಳಿಗೂ ವಿಷದಲ್ಲಿ ವ್ಯತ್ಯಾಸವಿದೆಯೆಂದು ಮಹಾರಾಷ್ಟ್ರದ ಅಧ್ಯಯನಗಳು ತೋರಿಸಿವೆ. ನಮ್ಮ ಬಯಲುಸೀಮೆಯ ಚೇಳಿನ ವಿಷವನ್ನು ಜಿಲ್ಲೆ ಜಿಲ್ಲೆಗೂ ಓದುವ ಕೆಲಸ ಪೆಪ್ಟೈಡಿಗೂ ಬೇಕು, ಪ್ರತಿವಿಷಕ್ಕೂ ಬೇಕು. ಎರಡನೆಯದು ಸರ್ಕಾರಕ್ಕೆ. ಹಾವು ಕಡಿತದ ಪ್ರತಿ ಪ್ರಕರಣವೂ ವರದಿಯಾಗಲೇಬೇಕೆಂದು ಕರ್ನಾಟಕ 2024ರ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಚೇಳಿನ ಕುಟುಕಿಗೂ ಅದೇ ಕ್ರಮ ಬರಲಿ, ಒಣಭೂಮಿಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪ್ರಜೋಸಿನ್ ಮಾತ್ರೆ ಸದಾ ಇರಲಿ. ಅದರ ಬೆಲೆ ಕೋಟಿಯಲ್ಲಿಲ್ಲ, ಕೆಲವೇ ರೂಪಾಯಿ. ನಿಮ್ಮ ಕಾರ್ಖಾನೆಯ ಕಟ್ಟಡ ಕೆಲಸದಲ್ಲಿ, ನಿಮ್ಮ ಹೊಲದಲ್ಲಿ ಯಾರಿಗಾದರೂ ಚೇಳು ಕುಟುಕಿ, ಮೈ ಬೆವೆತು ಕೈಕಾಲು ತಣ್ಣಗಾದರೆ ಮಂತ್ರ ಹಾಕಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಗುವಾದರೆ ಲಕ್ಷಣಕ್ಕೂ ಕಾಯಬೇಡಿ.